ಕುವೈತ್‌ನಲ್ಲಿ ಸಿಕ್ಕಿಕೊಂಡ ತಂಗಿಗೆ ಅಂತರರಾಷ್ಟ್ರೀಯ ಕಾನೂನು ನೆರವಾಗುತ್ತದೆಯೇ?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿ. ನನ್ನ ತಂಗಿಗೆ 28 ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ಗಂಡ ಬಿಟ್ಟು ಹೋಗಿದ್ದಾನೆ, ಒಬ್ಬ ಮಗ ನಮ್ಮ ಜೊತೆ ಇದ್ದಾನೆ. ಮದನಪಲ್ಲಿ ಕಡೆಯ ಏಜೆಂಟ್ ಒಬ್ಬರು ಒಂದೂವರೆ ಲಕ್ಷ ತಗೊಂಡು ಅವಳನ್ನು ಮೊದಲು ವಿಸಿಟ್ ವೀಸಾದಲ್ಲಿ ದುಬೈಗೆ ಕಳಿಸಿದರು. ಅಲ್ಲಿಂದ ಖದ್ದಾಮಾ ವೀಸಾದಲ್ಲಿ ಕುವೈತ್‌ಗೆ ಕಳಿಸಿ ಮನೆಕೆಲಸಕ್ಕೆ ಸೇರಿಸಿದರು. ಪಾಸ್‌ಪೋರ್ಟ್ ಆ ಮನೆಯವರ ಹತ್ತಿರ ಇದೆ. ಬೆಳಗ್ಗೆ ಐದಕ್ಕೆ ಎದ್ದರೆ ಮಲಗುವುದು ರಾತ್ರಿ ಹನ್ನೆರಡಕ್ಕೆ. ಐದು ತಿಂಗಳಿಂದ ಸಂಬಳ ಕೊಟ್ಟಿಲ್ಲ. ಫೋನ್ ವಾರಕ್ಕೊಮ್ಮೆ ಕೊಡುತ್ತಾರೆ. ಊರಿಗೆ ಕಳಿಸಿ ಅಂದರೆ ವೀಸಾಕ್ಕೆ ಕೊಟ್ಟ ದುಡ್ಡು ಕಟ್ಟಿ ಹೋಗು ಅನ್ನುತ್ತಾರೆ. ಕಾರ್ಮಿಕರಿಗೆ ಅಂತರರಾಷ್ಟ್ರೀಯ ಕಾನೂನು ಇದೆಯಂತೆ, ಅದರಿಂದ ಏನಾದರೂ ಆಗುತ್ತಾ? ತಪ್ಪು ದಾರಿಯಲ್ಲಿ ಹೋದಳು ಅಂತ ಅವಳ ಮೇಲೇ ಕೇಸ್ ಹಾಕುತ್ತಾರಾ? ನಮ್ಮ ಬೀದಿಯ ಇನ್ನೊಬ್ಬ ಹೆಣ್ಣುಮಗಳು, 32 ವರ್ಷ, ಅವಳೂ ಹೊರಟಿದ್ದಾಳೆ. ಅವಳಿಗೆ ಏನು ಹೇಳಲಿ?

ಉತ್ತರ: ನೆರವಾಗುತ್ತದೆ ಅಮ್ಮ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಇರುವ ಜಿನೀವಾದಿಂದ ಯಾರೋ ಬಂದು ಆ ಮನೆಯ ಬಾಗಿಲು ತಟ್ಟುತ್ತಾರೆ ಅಂತ ಕಾಯಬೇಡಿ. ಈ ಕಾನೂನು ನಿಮ್ಮ ತಂಗಿಯ ತನಕ ಮುಟ್ಟಬೇಕಾದರೆ ಭಾರತ ಮತ್ತು ಕುವೈತ್ ಎರಡೂ ಸರ್ಕಾರಗಳ ಕೈ ದಾಟಿ ಬರಬೇಕು. ಅವರನ್ನು ಎಬ್ಬಿಸುವುದು ನೀವು ಬರೆಯುವ ಅರ್ಜಿ. ಅದರಲ್ಲಿ ಏನು ಬರೆಯುತ್ತೀರಿ ಅನ್ನೋದು ತುಂಬಾ ಮುಖ್ಯ, ಹಾಗಾಗಿ ಅದನ್ನೇ ಜಾಸ್ತಿ ವಿವರಿಸುತ್ತೇನೆ.

ಅದಕ್ಕೂ ಮೊದಲು ಈ ವಾರದ ಕೆಲಸ. ತಂಗಿ ಮಾತಿಗೆ ಸಿಗುವುದು ಕೆಲವೇ ನಿಮಿಷ. ಏನು ಕೇಳಬೇಕು ಅಂತ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತಂಗಿಯ ಸಿವಿಲ್ ಐಡಿ, ಅಂದರೆ ಕುವೈತ್‌ನ ಗುರುತಿನ ಕಾರ್ಡಿನ ಎರಡೂ ಕಡೆಯ ಫೋಟೋ ಬೇಕು. ಕಫೀಲ್, ಅಂದರೆ ಕೆಲಸಕ್ಕೆ ಇಟ್ಟುಕೊಂಡವರ ಹೆಸರು ಬೇಕು. ಕುವೈತ್‌ನಲ್ಲಿ ವಿಳಾಸ ಅಂದರೆ ಏರಿಯಾ, ಬ್ಲಾಕ್, ರಸ್ತೆ, ಮನೆ ನಂಬರ್. ಈ ನಾಲ್ಕೂ ಬೇಕು. ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಲು ಆದರೆ ಇನ್ನೂ ಒಳ್ಳೆಯದು. ಕಳಿಸಿದ ಮೇಲೆ ಆ ಫೋನಿನಲ್ಲಿ ಅಳಿಸಿಬಿಡಲು ತಂಗಿಗೆ ಹೇಳಿ. ಹೊಡೆಯುತ್ತಾರಾ, ಹೊಟ್ಟೆ ತುಂಬ ಊಟ ಕೊಡುತ್ತಾರಾ, ಹೊರಗಿಂದ ಬೀಗ ಹಾಕುತ್ತಾರಾ, ಮನೆಯ ಗಂಡಸರಿಂದ ತೊಂದರೆ ಇದೆಯಾ ಅಂತ ಕೇಳಿ. ಹೌದು, ಇಲ್ಲ ಅನ್ನುವಷ್ಟರಲ್ಲೇ ಉತ್ತರ ಬರುವ ಹಾಗೆ ಕೇಳಿ, ಪಕ್ಕದಲ್ಲಿ ಯಾರಾದರೂ ನಿಂತಿರಬಹುದು.

ಇಷ್ಟು ಸಿಕ್ಕಿದ ಕೂಡಲೇ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿ. ತಂಗಿಯೇ ಹಾಕಬೇಕು ಅಂತಿಲ್ಲ, ಮನೆಯವರು ಹಾಕಬಹುದು. ದೂರಿಗೆ ಒಂದು ನಂಬರ್ ಬರುತ್ತದೆ, ಅದನ್ನು ಜೋಪಾನ ಮಾಡಿ. ಅದೇ ದೂರನ್ನು ಕುವೈತ್‌ನ ಭಾರತೀಯ ರಾಯಭಾರ ಕಚೇರಿಗೆ ಇಮೇಲ್ ಮಾಡಿ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 1800 11 3090, ಅಲ್ಲಿಗೂ ಕರೆ ಮಾಡಿ. ಒಂದು ಪ್ರತಿ ಕೋಲಾರದ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಬರೆಯಲು ಯಾರೂ ಇಲ್ಲ ಅಂದರೆ ಕೋಲಾರ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಇದು 1987ರ ಕಾಯ್ದೆ ಕೊಟ್ಟಿರುವ ಹಕ್ಕು, ಯಾರ ದಯೆಯೂ ಅಲ್ಲ.

ಗೇಟು ದಾಟಿ ಓಡಿ ಬಾ ಅಂತ ಮಾತ್ರ ಆತುರದಲ್ಲಿ ಹೇಳಬೇಡಿ. ಕೆಲಸದವಳು ಓಡಿಹೋದಳು ಅಂತ ಕಫೀಲ್ ಅಲ್ಲಿನ ಅಧಿಕಾರಿಗಳಿಗೆ ದೂರು ಕೊಟ್ಟರೆ ತಂಗಿಯ ವಾಸದ ಪರವಾನಗಿಯೇ ರದ್ದಾಗಬಹುದು, ಬಂಧನವೂ ಆಗಬಹುದು. ಅದಕ್ಕೂ ಮೊದಲೇ ನಿಮ್ಮ ದೂರು ರಾಯಭಾರ ಕಚೇರಿಯಲ್ಲಿ ದಾಖಲಾಗಿದ್ದರೆ ಕಥೆ ಬೇರೆ. ಆಗ ಕಷ್ಟ ತಾಳಲಾರದೆ ಹೊರಬಂದಳು ಅನ್ನೋದಕ್ಕೆ ತಾರೀಕಿನ ಸಮೇತ ಸಾಕ್ಷಿ ಇರುತ್ತದೆ. ಜೀವಕ್ಕೆ ಅಪಾಯ, ಮೈಮೇಲೆ ಕೈ ಹಾಕುತ್ತಾರೆ ಅಂತಾದರೆ ಮಾತ್ರ ಒಂದು ಕ್ಷಣವೂ ಕಾಯುವುದು ಬೇಡ. ಕುವೈತ್ ಪೊಲೀಸರ ತುರ್ತು ನಂಬರ್ 112. ಅಥವಾ ನೇರ ರಾಯಭಾರ ಕಚೇರಿಗೆ ಹೋಗಬೇಕು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನಮ್ಮ ಕಡೆ ಕೆರೆ ತುಂಬಿದ್ದರೂ ತೂಬು ಎತ್ತದೆ ಗದ್ದೆಗೆ ನೀರು ಹರಿಯಲ್ಲ. ಅಂತರರಾಷ್ಟ್ರೀಯ ಒಡಂಬಡಿಕೆಗಳೂ ಹಾಗೆಯೇ. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಐಎಲ್‌ಒ, ಒಂದು ಒಡಂಬಡಿಕೆ ಮಾಡುತ್ತದೆ. ಅದನ್ನು ಅನುಮೋದಿಸಿದ ದೇಶಕ್ಕೆ ಮಾತ್ರ ಅದು ಕಟ್ಟುಪಾಡು. ಹಾಗಾಗಿ ಮೊದಲು ನೋಡಬೇಕಾದ್ದು ಭಾರತ ಮತ್ತು ಕುವೈತ್ ಯಾವುದನ್ನು ಒಪ್ಪಿವೆ ಅನ್ನೋದನ್ನ.

ಮನೆಕೆಲಸದವರಿಗೆಂದೇ ಮಾಡಿದ ಒಡಂಬಡಿಕೆ ಒಂದಿದೆ, 189ನೆಯದು. 2011ರ ಜೂನ್‌ನಲ್ಲಿ ಅಂಗೀಕಾರವಾಯಿತು, 2013ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ವಾರಕ್ಕೆ ಒಂದು ಪೂರ್ತಿ ದಿನ ರಜೆ, ತಿಂಗಳಿಗೊಮ್ಮೆಯಾದರೂ ಸಂಬಳ, ಪಾಸ್‌ಪೋರ್ಟ್ ತಮ್ಮ ಬಳಿಯೇ ಇಟ್ಟುಕೊಳ್ಳುವ ಹಕ್ಕು, ಗಡಿ ದಾಟುವ ಮೊದಲೇ ಬರವಣಿಗೆಯಲ್ಲಿ ಕರಾರು, ಎಲ್ಲವೂ ಅದರಲ್ಲಿದೆ. ನಿಮ್ಮ ತಂಗಿಯ ಕಷ್ಟ ನೋಡಿಯೇ ಬರೆದ ಹಾಗಿದೆ. ಆದರೆ ಕುವೈತ್ ಅದನ್ನು ಅನುಮೋದಿಸಿಲ್ಲ. ಭಾರತ ಅದರ ಪರವಾಗಿ ಮತ ಹಾಕಿತು, ಅನುಮೋದಿಸಲಿಲ್ಲ. ವಲಸೆ ಕಾರ್ಮಿಕರು ಮತ್ತು ಅವರ ಕುಟುಂಬದವರ ಹಕ್ಕುಗಳಿಗಾಗಿ ವಿಶ್ವಸಂಸ್ಥೆ 1990ರಲ್ಲಿ ಮಾಡಿದ ಒಪ್ಪಂದಕ್ಕೂ ಎರಡೂ ದೇಶಗಳು ಸೇರಿಲ್ಲ. ಅಂದಮೇಲೆ ಇವುಗಳ ಹೆಸರು ಹೇಳಿ ಕೇಸು ನಡೆಸಲು ಆಗಲ್ಲ.

ಆದರೆ ಇವೆರಡಕ್ಕಿಂತ ಎಷ್ಟೋ ಹಳೆಯದೊಂದು ಒಡಂಬಡಿಕೆ ಇದೆ: 1930ರ ಬಲವಂತದ ದುಡಿಮೆಯ ಒಡಂಬಡಿಕೆ, 29ನೆಯದು. ಭಾರತ 1954ರಲ್ಲಿ, ಕುವೈತ್ 1968ರಲ್ಲಿ ಅದನ್ನು ಅನುಮೋದಿಸಿವೆ. ಯಾವುದಾದರೂ ಶಿಕ್ಷೆಯ ಭಯ ಹಾಕಿ, ತಾನಾಗಿ ಒಪ್ಪದ ವ್ಯಕ್ತಿಯಿಂದ ಮಾಡಿಸುವ ದುಡಿಮೆಯೇ ಬಲವಂತದ ದುಡಿಮೆ ಅಂತ ಅದು ಹೇಳುತ್ತದೆ. ಸರಪಳಿ ಹಾಕಿರಬೇಕು ಅಂತಿಲ್ಲ. ಇದನ್ನು ಗುರುತಿಸಲು ಐಎಲ್‌ಒ 11 ಲಕ್ಷಣಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಮೋಸ, ಓಡಾಟಕ್ಕೆ ತಡೆ, ಹೊರಗಿನವರ ಸಂಪರ್ಕ ತಪ್ಪಿಸುವುದು, ಗುರುತಿನ ದಾಖಲೆ ಕಿತ್ತುಕೊಳ್ಳುವುದು, ಸಂಬಳ ತಡೆಹಿಡಿಯುವುದು, ಸಾಲದ ಹೆಸರಲ್ಲಿ ಕಟ್ಟಿಹಾಕುವುದು, ಮಿತಿಮೀರಿದ ದುಡಿಮೆ ಎಲ್ಲವೂ ಸೇರಿವೆ. ನಿಮ್ಮ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಪಾಸ್‌ಪೋರ್ಟ್ ಅವರ ಬಳಿ ಇದೆ. ಐದು ತಿಂಗಳಿಂದ ಸಂಬಳ ಇಲ್ಲ. ದಿನಕ್ಕೆ ಹತ್ತೊಂಬತ್ತು ಗಂಟೆ ಎದ್ದಿರಬೇಕು. ಫೋನ್ ವಾರಕ್ಕೊಮ್ಮೆ. ವೀಸಾ ದುಡ್ಡು ಕಟ್ಟಿದರೆ ಬಿಡುಗಡೆ. ಒಂದಲ್ಲ, ಹಲವು ಲಕ್ಷಣಗಳು ಒಟ್ಟಿಗೆ ಕೂತಿವೆ.

ಇದು ಯಾಕೆ ಮುಖ್ಯ ಅಂದರೆ, ನಮ್ಮ ಕಡೆಯ ಅರ್ಜಿಗಳು ಹೆಚ್ಚಾಗಿ ಹೀಗೇ ಇರುತ್ತವೆ: ಸಂಬಳ ಬಾಕಿ ಇದೆ, ದಯವಿಟ್ಟು ಕೊಡಿಸಿ, ವಾಪಸ್ ಕರೆಸಿ. ಓದಿದವರಿಗೆ ಅದು ದುಡ್ಡಿನ ತಕರಾರು ಅನ್ನಿಸುತ್ತದೆ. ಕಫೀಲ್‌ಗೆ ಒಂದು ಫೋನ್ ಹೋಗುತ್ತದೆ. ಅವರು ಎರಡು ತಿಂಗಳ ಸಂಬಳ ಕೊಟ್ಟು ಸಮಾಧಾನ ಮಾಡುತ್ತಾರೆ. ಹೆಣ್ಣುಮಗಳು ಅದೇ ಮನೆಯಲ್ಲಿ ಉಳಿಯುತ್ತಾಳೆ, ದೂರು ಕೊಟ್ಟವಳು ಅನ್ನೋ ಸಿಟ್ಟಿನ ನಡುವೆ. ಅದರ ಬದಲು ಹೀಗೆ ಬರೆಯಿರಿ: "ನನ್ನ ತಂಗಿಯ ಪಾಸ್‌ಪೋರ್ಟನ್ನು ಮಾಲೀಕರು ಇಂಥ ತಿಂಗಳಿಂದ ಇಟ್ಟುಕೊಂಡಿದ್ದಾರೆ. ಐದು ತಿಂಗಳ ಸಂಬಳ ತಡೆಹಿಡಿದಿದ್ದಾರೆ. ವಾರದ ರಜೆ ಇಲ್ಲ. ಊರಿಗೆ ಹೋಗಬೇಕಾದರೆ ವೀಸಾ ಹಣ ಕಟ್ಟಬೇಕೆಂದು ಒತ್ತಾಯಿಸುತ್ತಿದ್ದಾರೆ. ಇದು ಬಲವಂತದ ದುಡಿಮೆ. ಐಎಲ್‌ಒ 29ನೇ ಒಡಂಬಡಿಕೆಯನ್ನು ಭಾರತ ಮತ್ತು ಕುವೈತ್ ಎರಡೂ ಒಪ್ಪಿವೆ. ಆಕೆಯನ್ನು ಆ ಮನೆಯಿಂದ ಬಿಡಿಸಿ, ರಾಯಭಾರ ಕಚೇರಿಯ ಆಶ್ರಯದಲ್ಲಿಟ್ಟು, ಬಾಕಿ ಸಂಬಳ ಕೊಡಿಸಿ, ಊರಿಗೆ ಕಳಿಸಬೇಕು." ಉತ್ಪ್ರೇಕ್ಷೆ ಬೇಡ. ನಡೆದದ್ದನ್ನು ನಡೆದ ಹಾಗೆ, ತಾರೀಕಿನ ಜೊತೆ ಬರೆಯಿರಿ. ಕೇಳುವುದು ಬರೀ ಸಂಬಳವನ್ನಲ್ಲ, ಮೊದಲು ಬಿಡುಗಡೆಯನ್ನು.

ಇದೇ ಅರ್ಜಿಯಲ್ಲಿ ಕುವೈತ್‌ನ ಸ್ವಂತ ಕಾಯ್ದೆಯನ್ನೂ ಹೆಸರಿಸಿ. ಅಲ್ಲಿ 2015ರ 68ನೇ ನಂಬರಿನ ಕಾಯ್ದೆ ಇದೆ, ಮನೆಕೆಲಸದವರಿಗೆಂದೇ ಮಾಡಿದ್ದು. 189ನೇ ಒಡಂಬಡಿಕೆಯನ್ನು ಅನುಮೋದಿಸದಿದ್ದರೂ ಅದರಲ್ಲಿರುವ ಎಷ್ಟೋ ಮಾತುಗಳು ಈ ಕಾಯ್ದೆಯಲ್ಲೂ ಇವೆ. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ನಡುವೆ ವಿರಾಮ ಕೊಡಬೇಕು. ವಾರಕ್ಕೊಂದು ರಜೆ. ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ. ಕೆಲಸ ಬಿಡುವಾಗ ದುಡಿದ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ. ಒಪ್ಪಿಗೆ ಇಲ್ಲದೆ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ಏಜೆನ್ಸಿಗಳು ಕೆಲಸದವರಿಂದ ದುಡ್ಡು ವಸೂಲಿ ಮಾಡುವಂತಿಲ್ಲ. 2016ರಲ್ಲಿ ತಿಂಗಳಿಗೆ ಕನಿಷ್ಠ 60 ದಿನಾರ್ ಸಂಬಳ ಅಂತಲೂ ನಿಗದಿ ಮಾಡಿದರು. ಕರಾರಿನಲ್ಲಿ ಅದಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯದೇ ಲೆಕ್ಕ. ಇದರ ಮೇಲುಸ್ತುವಾರಿ ಈಗ ಅಲ್ಲಿನ ಮಾನವಶಕ್ತಿ ಪ್ರಾಧಿಕಾರದ್ದು. ರಾಯಭಾರ ಕಚೇರಿ ನಿಮ್ಮ ದೂರನ್ನು ಅಲ್ಲಿಗೆ ಒಯ್ಯಬೇಕು.

ಕಾಯ್ದೆ ಚೆನ್ನಾಗಿದೆ, ಆದರೆ ಬಾಗಿಲಾಚೆಗೆ ಹೋಗಲ್ಲ. ಕಾರ್ಖಾನೆಗೆ ಇನ್‌ಸ್ಪೆಕ್ಟರ್ ಬರುತ್ತಾರೆ, ಮನೆಗೆ ಬರಲ್ಲ. ಅದರ ಮೇಲೆ ಕಫಾಲಾ ಪದ್ಧತಿ. ಆ ದೇಶದಲ್ಲಿ ಇರುವ ಹಕ್ಕೇ ಒಬ್ಬ ಮಾಲೀಕರ ಹೆಸರಿಗೆ ಅಂಟಿಕೊಂಡಿರುತ್ತದೆ. ಅವರ ಜೊತೆ ಕೆಟ್ಟರೆ ಕೆಲಸ, ವಸತಿ, ವೀಸಾ ಮೂರೂ ಒಂದೇ ದಿನ ಹೋಗುತ್ತವೆ. ಹೀಗಿರುವಾಗ ಯಾರು ತಾನೇ ಧೈರ್ಯವಾಗಿ ದೂರು ಕೊಡುತ್ತಾರೆ? ಹೊರಗಿನಿಂದ ಒತ್ತಡ ಬೇಕಾಗುವುದು ಇಲ್ಲಿಯೇ.

ಒತ್ತಡ ಕೆಲಸ ಮಾಡುತ್ತದೆ ಅನ್ನೋದಕ್ಕೆ ಕತಾರ್ ಸಾಕ್ಷಿ. ಐಎಲ್‌ಒಗೆ ಒಬ್ಬ ಕಾರ್ಮಿಕ ನೇರವಾಗಿ ದೂರು ಕೊಡಲು ಬರುವುದಿಲ್ಲ, ಆದರೆ ಕಾರ್ಮಿಕ ಸಂಘಟನೆಗಳು ಕೊಡಬಹುದು. 2014ರ ಜೂನ್‌ನಲ್ಲಿ ಐಎಲ್‌ಒ ಸಮ್ಮೇಳನಕ್ಕೆ ಬಂದಿದ್ದ ಕಾರ್ಮಿಕ ಪ್ರತಿನಿಧಿಗಳು ಕತಾರ್ ಮೇಲೆ ದೂರು ಹಾಕಿದರು. ಆಧಾರ ಇದೇ 29ನೇ ಒಡಂಬಡಿಕೆ, ಜೊತೆಗೆ ಕಾರ್ಮಿಕ ತಪಾಸಣೆಯ 81ನೇ ಒಡಂಬಡಿಕೆ. ವಿಶ್ವಕಪ್ ಫುಟ್‌ಬಾಲ್ ನಡೆಸಬೇಕಿದ್ದ ದೇಶ ಅದು, ಜಗತ್ತಿನ ಕಣ್ಣು ಅದರ ಮೇಲಿತ್ತು. 2017ರಲ್ಲಿ ಕತಾರ್ ಮನೆಕೆಲಸದವರಿಗೆ ಪ್ರತ್ಯೇಕ ಕಾಯ್ದೆ ತಂದಿತು. ಸುಧಾರಣೆಗೆ ಒಪ್ಪಂದ ಮಾಡಿಕೊಂಡ ಮೇಲೆ ಅದೇ ವರ್ಷ ನವೆಂಬರ್‌ನಲ್ಲಿ ದೂರು ಮುಕ್ತಾಯವಾಯಿತು. 2018ರಲ್ಲಿ ದೋಹಾದಲ್ಲಿ ಐಎಲ್‌ಒ ಕಚೇರಿ ತೆರೆಯಿತು. 2020ರಲ್ಲಿ ದೇಶ ಬಿಡಲು ಮಾಲೀಕರ ಅನುಮತಿ ಬೇಕೆಂಬ ನಿಯಮವನ್ನು ಮನೆಕೆಲಸದವರಿಗೂ ತೆಗೆದರು. 2021ರ ಮಾರ್ಚ್‌ನಲ್ಲಿ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನ ಎಲ್ಲರಿಗೂ ಜಾರಿಯಾಯಿತು, ಮನೆಕೆಲಸದವರೂ ಸೇರಿ. ಎಲ್ಲವೂ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಒಂದು ಸಲ ದೂರು ದಾಖಲಾದ ಮೇಲೆ ಏಳು ವರ್ಷದಲ್ಲಿ ಇಷ್ಟು ಬದಲಾಯಿತು. ಅದಕ್ಕೇ ನಿಮ್ಮ ಅರ್ಜಿಯ ಒಂದು ಪ್ರತಿಯನ್ನು ಕೋಲಾರದಲ್ಲಿ ನಿಮಗೆ ಗೊತ್ತಿರುವ ಕಾರ್ಮಿಕ ಸಂಘಕ್ಕೂ ಕೊಡಿ. ಅಂಗನವಾಡಿ, ಆಶಾ, ಬಿಸಿಯೂಟದ ಹೆಣ್ಣುಮಕ್ಕಳ ಸಂಘಟನೆಗಳಲ್ಲಿ ರಾಷ್ಟ್ರಮಟ್ಟದ ಒಕ್ಕೂಟಗಳಿಗೆ ಸೇರಿದವು ಬೇಕಾದಷ್ಟಿವೆ. ಇಂಥ ಪತ್ರಗಳನ್ನು ಒಟ್ಟುಗೂಡಿಸಿ ಜಿನೀವಾಕ್ಕೆ ಮುಟ್ಟಿಸುವ ಅಧಿಕಾರ ಇರುವುದು ಅಂಥ ಒಕ್ಕೂಟಗಳಿಗೆ.

ಫಿಲಿಪೀನ್ಸ್ ಇನ್ನೊಂದು ದಾರಿ ಹಿಡಿಯಿತು. 189ನೇ ಒಡಂಬಡಿಕೆಯನ್ನು 2012ರಲ್ಲೇ ಅನುಮೋದಿಸಿತು. ತನ್ನ ಹೆಣ್ಣುಮಗಳೊಬ್ಬಳ ಕೊಲೆ ಬೆಳಕಿಗೆ ಬಂದಾಗ, 2018ರ ಫೆಬ್ರವರಿಯಲ್ಲಿ, ಕುವೈತ್‌ಗೆ ಕೆಲಸದವರನ್ನು ಕಳಿಸುವುದನ್ನೇ ನಿಲ್ಲಿಸಿತು. ಮೇ ತಿಂಗಳಲ್ಲಿ ಕುವೈತ್ ಒಪ್ಪಂದಕ್ಕೆ ಸಹಿ ಹಾಕಿತು. ಫೋನ್ ಕೊಡಬೇಕು, ಪಾಸ್‌ಪೋರ್ಟ್ ಮಾಲೀಕರು ಇಟ್ಟುಕೊಳ್ಳಬಾರದು ಅಂತ ಅದರಲ್ಲಿ ಬರೆಸಿಕೊಂಡಿತು. ಭಾರತವೂ 2021ರ ಜೂನ್‌ನಲ್ಲಿ ಕುವೈತ್ ಜೊತೆ ಮನೆಕೆಲಸದವರ ಬಗ್ಗೆ ಒಪ್ಪಂದ ಮಾಡಿಕೊಂಡಿದೆ. ಅದು ಒಳ್ಳೆಯದೇ, ನಿಮ್ಮ ಅರ್ಜಿಯಲ್ಲಿ ಅದನ್ನೂ ನೆನಪಿಸಿ. ಆದರೆ ನಮ್ಮ ಮನೆಗಳಲ್ಲಿ ದುಡಿಯುವವರಿಗೆ ವಾರದ ರಜೆ ಕೊಡಿಸುವ ಒಡಂಬಡಿಕೆಯನ್ನು ನಾವೇ ಒಪ್ಪದೆ, ಬೇರೆ ದೇಶಕ್ಕೆ ಗಟ್ಟಿಯಾಗಿ ಕೇಳುವುದು ಹೇಗೆ? ಭಾರತ 189ನೇ ಒಡಂಬಡಿಕೆಯನ್ನು ಅನುಮೋದಿಸಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಈಗ ನಿಮ್ಮನ್ನು ನಿದ್ದೆಗೆಡಿಸಿರುವ ಎರಡನೇ ಪ್ರಶ್ನೆ, ತಂಗಿಯ ಮೇಲೇ ಕೇಸ್ ಆಗುತ್ತಾ ಅನ್ನೋದು.

ಎಸ್ಸೆಸ್ಸೆಲ್ಸಿ ಪಾಸಾಗದವರಿಗೆ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕು ಅನ್ನೋ ಪಾಸ್‌ಪೋರ್ಟ್ ಬರುತ್ತದೆ. ಅಂಥವರು ಕುವೈತ್‌ನಂಥ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯಡಿ ಅನುಮತಿ ಬೇಕು. ಹೆಣ್ಣುಮಕ್ಕಳು ಮನೆಕೆಲಸಕ್ಕೆ ಹೋಗಬೇಕಾದರೆ ಕನಿಷ್ಠ 30 ವರ್ಷ ಆಗಿರಬೇಕು. ತಂಗಿಗೆ 28. ಅನುಮತಿ ಸಿಗಲ್ಲ ಅಂತ ಗೊತ್ತಿದ್ದೇ ಏಜೆಂಟ್ ದುಬೈ ಸುತ್ತು ಹಾಕಿಸಿದ್ದಾನೆ. ಕಾಯ್ದೆಯ ಅಕ್ಷರ ಹಿಡಿದು ನೋಡಿದರೆ ಅನುಮತಿ ಇಲ್ಲದೆ ಹೋದವರದೂ ತಪ್ಪೇ. ಆದರೆ ಆ ಭಯಕ್ಕೆ ದೂರು ನಿಲ್ಲಿಸಬೇಡಿ. ಯಾವ ದಾರಿಯಲ್ಲಿ ಹೋಗಿದ್ದರೂ ಅವರು ಭಾರತದ ಪ್ರಜೆ. ಮೋಸ ಮಾಡಿ, ದುಡಿಸಿಕೊಳ್ಳಲು ಸಾಗಿಸಿದ್ದರೆ ಅದು ಮಾನವ ಕಳ್ಳಸಾಗಣೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಪ್ರಕಾರ ಸಾಗಿಸಲ್ಪಟ್ಟವರು ಒಪ್ಪಿದ್ದರೂ ಅದು ಲೆಕ್ಕಕ್ಕಿಲ್ಲ. ವಿಶ್ವಸಂಸ್ಥೆಯ ಕಳ್ಳಸಾಗಣೆ ತಡೆ ಒಪ್ಪಂದವೂ ಇದನ್ನೇ ಹೇಳುತ್ತದೆ, ಭಾರತ 2011ರಲ್ಲಿ ಅದನ್ನು ಅನುಮೋದಿಸಿದೆ. ಹಾಗಾಗಿ 'ಅವಳೇ ಖುಷಿಯಿಂದ ಹೋದಳು' ಅಂತ ಏಜೆಂಟ್ ಹೇಳಿದರೆ ತಲೆ ತಗ್ಗಿಸಬೇಡಿ.

ಈ 30 ವರ್ಷದ ನಿಯಮದ ಬಗ್ಗೆ ಒಂದು ಮಾತು ಹೇಳಲೇಬೇಕು. ಒಳ್ಳೆಯ ಉದ್ದೇಶದಿಂದಲೇ ಮಾಡಿರಬಹುದು. ಆದರೆ ಮಗುವಿನ ಫೀಸು, ಅಮ್ಮನ ಔಷಧಿ, ಕೈಸಾಲದ ಬಡ್ಡಿ 30 ವರ್ಷ ತುಂಬುವ ತನಕ ಕಾಯುತ್ತವೆಯೇ? ಸರಿಯಾದ ಬಾಗಿಲು ಮುಚ್ಚಿದಾಗ ಹೆಣ್ಣುಮಕ್ಕಳು ಹೋಗುವುದನ್ನು ನಿಲ್ಲಿಸಲ್ಲ, ಏಜೆಂಟ್ ತೋರಿಸಿದ ಕಿಟಕಿಯಿಂದ ಹೋಗುತ್ತಾರೆ. ಆಗ ಸರ್ಕಾರದ ಬಳಿ ಅವರ ಹೆಸರೂ ಇರಲ್ಲ, ಕರಾರೂ ಇರಲ್ಲ, ವಿಮೆಯೂ ಇರಲ್ಲ. ಮಹಿಳೆಯರ ಮೇಲಿನ ತಾರತಮ್ಯ ನಿವಾರಣೆಯ ಒಪ್ಪಂದವನ್ನು ಭಾರತ 1993ರಲ್ಲಿ ಅನುಮೋದಿಸಿದೆ. ಆ ಒಪ್ಪಂದದ ಸಮಿತಿ 2008ರಲ್ಲಿ ವಲಸೆ ಮಹಿಳಾ ಕಾರ್ಮಿಕರ ಬಗ್ಗೆ ಕೊಟ್ಟ 26ನೇ ಶಿಫಾರಸಿನಲ್ಲಿ, ಹೆಣ್ಣು ಅನ್ನೋ ಕಾರಣಕ್ಕೆ ಹಾಕಿದ ಇಂಥ ತಡೆಗಳನ್ನು ತೆಗೆಯಿರಿ ಅಂತಲೇ ದೇಶಗಳಿಗೆ ಹೇಳಿದೆ. ತಡೆಯುವುದಕ್ಕಿಂತ ಕಾಪಾಡಿ ಕಳಿಸುವುದು ಸರ್ಕಾರದ ಕೆಲಸ.

ಏಜೆಂಟ್ ಮೇಲೆ ಶ್ರೀನಿವಾಸಪುರ ಠಾಣೆಯಲ್ಲೇ ದೂರು ಕೊಡಿ. ಅವನು ಆಂಧ್ರದವನು, ಅಲ್ಲಿಗೆ ಹೋಗಿ ಅಂತ ಹೇಳಿದರೆ ಝೀರೋ ಎಫ್‌ಐಆರ್, ಅಂದರೆ ಯಾವ ಠಾಣೆಯಲ್ಲಾದರೂ ಬರೆಸಬಹುದಾದ ಎಫ್‌ಐಆರ್, ದಾಖಲಿಸಲು ಕೇಳಿ. ಕಳ್ಳಸಾಗಣೆ, ವಂಚನೆ, ಜೊತೆಗೆ ವಲಸೆ ಕಾಯ್ದೆಯ 10 ಮತ್ತು 24ನೇ ಸೆಕ್ಷನ್‌ಗಳನ್ನು ಸೇರಿಸಲು ಹೇಳಿ. ನೋಂದಣಿ ಇಲ್ಲದೆ ವಿದೇಶಕ್ಕೆ ಜನ ಕಳಿಸಿದರೆ ಎರಡು ವರ್ಷದವರೆಗೆ ಜೈಲು ಇದೆ. ವಲಸೆ ಕಾಯ್ದೆಯ ಕೇಸಿಗೆ ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು, ಎಷ್ಟೋ ಕಡತಗಳು ಅಲ್ಲೇ ಕೂರುತ್ತವೆ. ಆದರೆ ಹೋದವರ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿಯಂಥ ಹತ್ತಿರದವರು ಅವರ ಪರವಾಗಿ ದೂರು ಕೊಟ್ಟರೆ ಆ ಅನುಮತಿ ಬೇಕಿಲ್ಲ ಅಂತ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ನೀವು ಅಕ್ಕ. ನಿಮ್ಮ ಸಹಿಗೆ ಆ ಬಲ ಇದೆ. ದುಡ್ಡು ಕೊಟ್ಟ ಫೋನ್‌ಪೇ ಸ್ಕ್ರೀನ್‌ಶಾಟ್, ವಾಯ್ಸ್ ಮೆಸೇಜ್, ಟಿಕೆಟ್, ಯಾವುದನ್ನೂ ಅಳಿಸಬೇಡಿ. ಏಜೆಂಟ್ ಮನೆಗೆ ಬಂದು ರಾಜಿ ಮಾಡಿಕೊಳ್ಳೋಣ ಅಂದರೆ, ತಂಗಿ ಊರು ಮುಟ್ಟುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಪಾಸ್‌ಪೋರ್ಟ್ ಕೊಡದಿದ್ದರೆ ಬರುವುದು ಹೇಗೆ ಅನ್ನೋ ಚಿಂತೆ ಬೇಡ. ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ, ಆ ಮನೆಯವರದ್ದಲ್ಲ. ವಾಪಸ್ ಸಿಗದೇ ಹೋದರೆ ರಾಯಭಾರ ಕಚೇರಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಟ್ಟು ಕಳಿಸಬಹುದು. ಟಿಕೆಟ್, ಊಟ, ವಸತಿ, ಆರಂಭದ ಕಾನೂನು ವೆಚ್ಚಕ್ಕೆ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಅದರ ಹೆಸರು ಹೇಳಿ ಕೇಳಿ. ಒಂದು ಎಚ್ಚರಿಕೆ: ವಿಮಾನ ಹತ್ತುವ ಮೊದಲು ತಂಗಿ ಬಾಕಿ ಸಂಬಳದ ದೂರು ದಾಖಲಿಸಿ, ಕೇಸು ಮುಂದುವರಿಸಲು ಪವರ್ ಆಫ್ ಅಟಾರ್ನಿ ಬರೆದುಕೊಟ್ಟು ಬರಲಿ. ಸಂಬಳ ಪೂರ್ತಿ ಬಂದಿದೆ ಅನ್ನೋ ಅರಬ್ಬಿ ಕಾಗದಕ್ಕೆ, ಏನು ಬರೆದಿದೆ ಅಂತ ತಿಳಿಯದೆ ಸಹಿ ಹಾಕಬಾರದು.

ಬೀದಿಯ ಆ ಹೆಣ್ಣುಮಗಳಿಗೆ 32 ವರ್ಷ, ಅಂದರೆ ಸರಿಯಾದ ದಾರಿ ತೆರೆದಿದೆ. ಇಸಿಆರ್ ಪಾಸ್‌ಪೋರ್ಟಿನ ಹೆಣ್ಣುಮಕ್ಕಳ ನೇಮಕ ಸರ್ಕಾರಿ ಏಜೆನ್ಸಿಗಳ ಮೂಲಕವೇ ಆಗಬೇಕು ಅನ್ನೋ ನಿಯಮ 2016ರಲ್ಲಿ ಬಂದಿದೆ. ಯಾರು ನೋಂದಾಯಿತ, ಯಾರು ಅಲ್ಲ ಅಂತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ನೋಂದಾಯಿತ ಏಜೆಂಟರೇ ಆದರೂ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಒಂದು ಪೈಸೆ ಜಾಸ್ತಿ ತಗೊಳ್ಳುವಂತಿಲ್ಲ. ನೀವು ಕೊಟ್ಟಿದ್ದು ಒಂದೂವರೆ ಲಕ್ಷ ಅಲ್ವಾ, ಅದನ್ನೂ ದೂರಿನಲ್ಲಿ ಬರೆಯಿರಿ. ಹೊರಡುವ ಮೊದಲು ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸಲಿ, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲತೆಯಾದರೆ 10 ಲಕ್ಷ ರೂಪಾಯಿ. ಕರಾರನ್ನು ಕನ್ನಡದಲ್ಲೋ ತೆಲುಗಿನಲ್ಲೋ ಓದಿಸಿಕೊಂಡು ಸಹಿ ಹಾಕಲಿ. ಪಾಸ್‌ಪೋರ್ಟ್, ವೀಸಾ, ಕರಾರಿನ ಪ್ರತಿ ಮನೆಯಲ್ಲಿರಲಿ. ರಾಯಭಾರ ಕಚೇರಿಯ ನಂಬರ್ ಬಾಯಿಪಾಠ ಆಗಿರಲಿ, ಫೋನ್ ಕಿತ್ತುಕೊಂಡರೂ ನೆನಪನ್ನು ಯಾರೂ ಕಿತ್ತುಕೊಳ್ಳಲಾರರು. ವಿಸಿಟ್ ವೀಸಾ ಅಂತ ಯಾರಾದರೂ ಬಾಯಿಬಿಟ್ಟರೆ ಅಲ್ಲಿಂದಲೇ ವಾಪಸ್ ಬರಲಿ.

ಮದದ್ ನಂಬರ್ ಬಂದ ಕೂಡಲೇ, ಠಾಣೆಯ ಎಫ್‌ಐಆರ್ ಪ್ರತಿಯ ಜೊತೆ ನನಗೆ ಬರೆಯಿರಿ. ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಅದನ್ನೂ ಬರೆಯಿರಿ. ಪೊಲೀಸ್ ವರಿಷ್ಠಾಧಿಕಾರಿಗೆ ಮತ್ತು ಮ್ಯಾಜಿಸ್ಟ್ರೇಟರಿಗೆ ಕೊಡಬೇಕಾದ ಮುಂದಿನ ಅರ್ಜಿಯನ್ನು ನಾನು ಬರೆದುಕೊಡುತ್ತೇನೆ.